ಅಜ್ಜಿಯ ಪಾಲು

ಬಳಚು ಎಂಬ ಚಿಪ್ಪುಮೀನು ಬೆಂದು ಬಾಯಿಬಿಡುವಾಗ ಏಳುವ ಉಪ್ಪುಹಬೆ ಕುಮಟೆಯ ಯಾವುದಾದರೂ ಅಡುಗೆಮನೆಯಿಂದ ತೇಲಿ ಬಂದರೆ ನನಗೆ ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ. ಅಘನಾಶಿನಿ ಹೊಳೆದಂಡೆಯ ನಮ್ಮ ಹಿತ್ತಿಲಲ್ಲಿ ಅಜ್ಜಿ ಚಿಪ್ಪು ಬಿಡಿಸುತ್ತ ಕೂತರೆ, ನಾನು ಎದುರಿಗೆ ಕೂತು ಎಂಟನೇ ಕ್ಲಾಸಿನ ಟೀಚರ್ ಕೊಟ್ಟ ಶಬ್ದಗಳನ್ನು ಉರುಹೊಡೆಯುತ್ತಿದ್ದೆ. ಮನುಷ್ಯರ ಗುಣ, ನಡತೆ, ನ್ಯಾಯ ಅನ್ಯಾಯಗಳಿಗೆ ಇಂಗ್ಲಿಷಿನಲ್ಲಿರುವ ದೊಡ್ಡ ದೊಡ್ಡ ಶಬ್ದಗಳು. ಅಕ್ಷರ ಬಾರದ ಅಜ್ಜಿ ಒಂದೊಂದಕ್ಕೂ ಕೇರಿಯ ಒಬ್ಬೊಬ್ಬರನ್ನು ಗಂಟುಹಾಕುತ್ತಿದ್ದಳು. ‘ಹಿಪೊಕ್ರಿಟ್’ ಅಂದರೆ ಒಳಗೊಂದು ಹೊರಗೊಂದು ಎಂದು ನಾನು ಹೇಳಿದ್ದೇ ತಡ, “ಹೋ, ಹಂಗಾರೆ ಆಚೆಮನೆ ಮಂಜ. ಮುಂದಿಂದು ಎಂತ ಹೇಳು” ಎಂದಳು. ‘ಇಂಪಾರ್ಶಿಯಲ್’, ಯಾರ ಕಡೆಗೂ ವಾಲದವರು ಎಂದಾಗ ಮಾತ್ರ ಸುಮ್ಮನೆ ನಕ್ಕಳು. ಅದು ಅವಳೇ ಎಂದು ಕೇರಿಗೆಲ್ಲ ಗೊತ್ತಿತ್ತು.

ಹೊಳೆಯ ನೀರು ಇಳಿತದ ಹೊತ್ತಿಗೆ, ನೀರು ಯಾವುದು ಆಕಾಶ ಯಾವುದು ತಿಳಿಯದ ಆ ಬಿಳಿ ಬೆಳಕಿನಲ್ಲಿ, ಐದು ಮನೆಯ ಹೆಂಗಸರು ಕೆಸರಿನಿಂದ ಬಳಚು ತೆಗೆದು ದಡದಲ್ಲಿ ಒಂದೇ ರಾಶಿ ಹಾಕುತ್ತಿದ್ದರು. ಪಾಲು ಮಾಡುವವಳು ಅಜ್ಜಿ. ಬೇರೆಯವರೆಲ್ಲ ತಮ್ಮ ತಮ್ಮ ಪಾಲು ಎತ್ತಿಕೊಂಡ ಮೇಲೆ ಉಳಿದದ್ದನ್ನು ಪಾಲು ಮಾಡಿದವಳು ತೆಗೆದುಕೊಳ್ಳಬೇಕು, ಅದು ಕಟ್ಟಳೆ. ಅಜ್ಜಿಗೆ ಉಳಿಯುವುದು ಯಾವಾಗಲೂ ಸಣ್ಣ ಪಾಲೇ ಎಂದು ನನಗೆ ಹೊಟ್ಟೆಯುರಿ. ಒಂದು ದಿನ ಉಳಿದವರು ಕೈಕಾಲು ತೊಳೆಯಲು ಹೋದಾಗ, ಅಜ್ಜಿ ಆಚೆ ತಿರುಗಿ ತಲೆಗೆ ಸಿಂಬೆ ಸುತ್ತಿಕೊಳ್ಳುತ್ತಿದ್ದಾಗ, ಆ ಐದು ಮನೆಯವರಲ್ಲೊಬ್ಬಳಾದ ದೇವಿಯಕ್ಕನ ಬುಟ್ಟಿಯಿಂದ ಎರಡು ಬೊಗಸೆ ತೆಗೆದು ನಮ್ಮ ಬುಟ್ಟಿಗೆ ಸುರಿದೆ.

“ಇದೆಂತ, ಹಗುರ ಆತು?” ಎಂದು ದೇವಿಯಕ್ಕ ತನ್ನ ಬುಟ್ಟಿ ನೋಡಿದಳು, ನಮ್ಮದನ್ನು ನೋಡಿದಳು, ಆಮೇಲೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ನನ್ನ ಕೆಸರು ಕೈಗಳನ್ನು ನೋಡಿದಳು. ಎಲ್ಲವೂ ತಿಳಿದುಹೋಯಿತು ಅವಳಿಗೆ. ಜೀವಮಾನದಲ್ಲಿ ಒಮ್ಮೆ, ನನ್ನ ಕಡೆಗೆ, ಅವಳು ವಾಲಿದಳು, ಬಾಯಿ ಬಿಡಲಿಲ್ಲ. ಮರುದಿನ ದೇವಿಯಕ್ಕ, “ಅತ್ತೆ, ನಿಂಗೆ ಸುಸ್ತಾತದೆ, ಇವತ್ತು ಪಾಲು ನಾ ಮಾಡ್ತೆ” ಎಂದಳು. “ಆತು” ಎಂದಳು ಅಜ್ಜಿ. ಪಾಲು ಮಾಡಿ ಮುಗಿಸಿದ ದೇವಿಯಕ್ಕ ನೀನೇ ಮೊದಲು ಎತ್ತಿಕೋ ಎಂದರೆ, ಕೊನೆಗೆ ಉಳಿದದ್ದನ್ನೇ ಎತ್ತಿ ರೂಢಿಯಾಗಿದ್ದವಳು ಯಾವ ಪಾಲು ತನ್ನದೆಂದು ತಿಳಿಯದೆ ನಿಂತುಬಿಟ್ಟಳು. ಆ ನಿಲುವು ನನ್ನನ್ನು ಇಂದಿಗೂ ಸುಡುತ್ತದೆ. ಮತ್ತೆಂದೂ ಅವಳ ಕೈಗೆ ಪಾಲು ಮಾಡುವ ಕೆಲಸ ಬರಲಿಲ್ಲ.

ಆ ಶಬ್ದಗಳನ್ನೆಲ್ಲ ಕಲಿತು ನಾನು ಇಂಗ್ಲಿಷ್ ಟೀಚರಾದೆ. ಅಜ್ಜಿ ತೀರಿಕೊಂಡ ದಿನ ದೇವಿಯಕ್ಕ ಬಂದು, ಅವಳ ಕಾಲು ಹಿಡಿದು ಅತ್ತಳು. ಆಮೇಲೆ ನನ್ನ ಪಕ್ಕ ಕೂತು, “ಇಷ್ಟು ವರ್ಷದಲ್ಲಿ ಪಾಲಲ್ಲಿ ಅತ್ತೆ ಕೈ ತಪ್ಪಿದ್ದು ಒಂದೇ ದಿನ ನೋಡು ಮಗಾ” ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.