ಮಿಲಿಲೀಟರನ ಕಾರು ಹಗುರಾದ ಬಗೆ

ಲಾರಿಗಳನ್ನು ತೂಗುವುದು ಅವನ ಕೆಲಸ. ಗುಜರಿ ಕಬ್ಬಿಣದ ಯಾರ್ಡಿನ ಬಾಗಿಲಲ್ಲೇ ವೇಬ್ರಿಜ್, ಅದರ ಪಕ್ಕ ಗಾಜಿನ ಕಿಟಕಿಯ ಕ್ಯಾಬಿನ್, ಕ್ಯಾಬಿನ್ನಿನೊಳಗೆ ರೆಕ್ಸಿನ್ ಹರಿದ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಕೂತಿದ್ದ. ಲಾರಿ ತುಂಬಿ ಬಂದಾಗ ಒಮ್ಮೆ, ಖಾಲಿಯಾಗಿ ಹೋಗುವಾಗ ಒಮ್ಮೆ ವೇಬ್ರಿಜ್ಜಿನ ಹಲಗೆಯ ಮೇಲೆ ನಿಲ್ಲಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಇಳಿಸಿದ ಮಾಲಿನ ತೂಕ ಸಿಕ್ಕಿತು. ಈ ಕಳೆಯುವ ಲೆಕ್ಕವನ್ನು ದಿನಕ್ಕೆ ಅರವತ್ತು ಎಪ್ಪತ್ತು ಸಲ ಮಾಡಿ ಮಾಡಿ ಅವನಿಗೆ ಕಣ್ಣು ಮುಚ್ಚಿದರೂ ಅಂಕಿಗಳೇ ಕಾಣುತ್ತಿದ್ದವು.

ಡ್ರೈವರುಗಳು ಅವನಿಗೆ ಇಟ್ಟ ಹೆಸರು ಮಿಲಿಲೀಟರ್. ಅದಕ್ಕೆ ಅವನ ಕಾರು ಕಾರಣ. ಇಪ್ಪತ್ತೆರಡು ವರ್ಷ ಹಳೆಯ, ಎರಡೇ ಬಾಗಿಲಿನ, ಹಿಂದೆ ರೆಕ್ಕೆಯಂಥ ದೊಡ್ಡ ಸ್ಪಾಯ್ಲರ್ ಎತ್ತಿಕೊಂಡು ನಿಂತ ಕೆಂಪು ಗಾಡಿ. ಮದುವೆಗೆ ಮುಂಚೆ ಹೆಂಡತಿಯಾಗಲಿದ್ದವಳನ್ನು ಅದರಲ್ಲಿ ಕೂರಿಸಿಕೊಂಡು ಗಂಟೆಗೆ ನೂರೈವತ್ತರಲ್ಲಿ ಓಡಿಸಿ, ಅವಳು ಜೀವಭಯದಿಂದ ಅವನ ತೋಳು ಹಿಡಿದದ್ದನ್ನು ಪ್ರೀತಿಯೆಂದೇ ತಿಳಿದಿದ್ದ ಭೂಪ. ನಲವತ್ತೈದು ದಾಟಿದ ಮೇಲೂ ಹುಚ್ಚು ಬಿಡಲಿಲ್ಲ, ಮಗ್ಗುಲು ಬದಲಾಯಿಸಿತು ಅಷ್ಟೆ. ಆಗ ಎಷ್ಟು ಜೋರು ಎನ್ನುವ ಹುಚ್ಚು, ಈಗ ಎಷ್ಟು ಕಡಿಮೆ ಪೆಟ್ರೋಲು ಎನ್ನುವ ಹುಚ್ಚು. ಲೀಟರಿಗೆ ಹನ್ನೊಂದು ಕಿಲೋಮೀಟರ್ ಕೊಡುತ್ತಿದ್ದ ಗಾಡಿಯಿಂದ ಇಪ್ಪತ್ತು ಕೀಳುತ್ತೇನೆ ಎಂದು ಪಣ ತೊಟ್ಟ. "ಅವನ ಕಾರು ಪೆಟ್ರೋಲ್ ಕುಡಿಯಲ್ಲಪ್ಪ, ಮೂಸಿ ನೋಡಿ ಹೊರಡುತ್ತೆ" ಎಂದು ಡ್ರೈವರುಗಳು ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಸ್ಪಾಯ್ಲರ್ ಬಿಚ್ಚಿದ. ಅಗಲದ ಟೈರು ಮಾರಿ ಸಣ್ಣ ಟೈರು ಹಾಕಿ ಗಾಳಿ ಬಿಗಿಯಾಗಿ ತುಂಬಿದ. ಗಾಳಿ ಒಳನುಗ್ಗಿ ಗಾಡಿಯನ್ನು ತಡೆಯಬಾರದೆಂದು ಮುಂದಿನ ಜಾಲರಿಯ ಅರ್ಧಕ್ಕೆ ಪ್ಲಾಸ್ಟಿಕ್ ಹಾಳೆ ಬಡಿದ, ಹೊಟ್ಟೆಯಡಿಗೂ ಒಂದು ತಗಡು ಕಟ್ಟಿದ. ಆಮೇಲೆ ತೂಕದ ಬೆನ್ನು ಹತ್ತಿದ. ಹಿಂದಿನ ಸೀಟು ಹೋಯಿತು. ಸ್ಟೆಪ್ನಿ ಹೋಯಿತು, ಜಾಕಿ ಹೋಯಿತು, ಡಬ್ಬದಷ್ಟು ದೊಡ್ಡ ಸ್ಪೀಕರುಗಳು ಹೋದವು. ಬಿಚ್ಚಿದ್ದೆಲ್ಲ ಮನೆಯ ಹಜಾರಕ್ಕೆ ಬಂತು. ಟಿವಿಯ ಮುಂದೆ ಕಾರಿನ ಹಿಂದಿನ ಸೀಟಿನಲ್ಲೇ ಕೂತು ಹೆಂಡತಿ, "ಅಲ್ರೀ, ಇನ್ನೊಂದು ವರ್ಷ ಬಿಟ್ರೆ ಕಾರು ಪೂರ್ತಿ ಮನೆಯೊಳಗಿರುತ್ತೆ, ನಾವು ರಸ್ತೆಯಲ್ಲಿರ್ತೀವಿ" ಎನ್ನುತ್ತಿದ್ದಳು.

ಮುಚ್ಚಿಟ್ಟು ಕೊನೆಗೆ ಬಿಚ್ಚುವ ಕಥೆಯಲ್ಲ ಇದು, ಈಗಲೇ ಹೇಳಿಬಿಡುವುದು ಮೇಲು. ಆ ಕಾರಿನಿಂದ ಕಬ್ಬಿಣ ಇಳಿದು ಮುಗಿಯುತ್ತಿದ್ದಂತೆ ಅದರಲ್ಲಿ ಕೂತವಳೂ ತೂಕದಲ್ಲಿ ಇಳಿಯತೊಡಗಿದಳು. ತೂಗುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಗಂಡ ಅವಳ ಜೀವ ಕರಗುವುದನ್ನು ತಿಂಗಳು ತಿಂಗಳು ತೂಗಿ ನೋಡಿದ, ನೋಡಿ ಖುಷಿಪಟ್ಟ.

ಅದು ನಡೆದದ್ದು ಹೀಗೆ. ಹೆಂಡತಿಗೆ ಯಾರ್ಡಿನಾಚೆಯ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆಗಳ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚುವ ವಿಭಾಗದಲ್ಲಿ ಅವಳೇ ಹಿರಿಯಳು. ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಹೊರಡುತ್ತಿದ್ದರು. ತಿಂಗಳ ಮೊದಲ ಸೋಮವಾರ, ಹಿಂದಿನ ದಿನವೇ ಟ್ಯಾಂಕ್ ಭರ್ತಿ ಮಾಡಿಸಿ, ಅವಳನ್ನು ಬಿಡುವ ಮುಂಚೆ ಕಾರನ್ನು ವೇಬ್ರಿಜ್ ಮೇಲೆ ಹತ್ತಿಸುತ್ತಿದ್ದ. ರಾತ್ರಿ ಪಾಳಿ ಮುಗಿಸುತ್ತಿದ್ದ ಮೀಸೆ ಎಂಬ ಜೊತೆಗಾರ ಕ್ಯಾಬಿನ್ನಿನಲ್ಲಿ ಗುಂಡಿ ಒತ್ತುತ್ತಿದ್ದ. ಕಂಬದ ಮೇಲಿನ ಕೆಂಪು ಅಂಕಿಗಳು ಕಾರಿನೊಳಗಿಂದಲೇ ಕಾಣುತ್ತಿದ್ದವು.

"ನಾನು ಇಳಿದು ನಿಂತ್ಕೊಳ್ಳಲಾ?" ಎಂದು ಮೊದಲ ಸಲ ಅವಳು ಕೇಳಿದ್ದಳು.

"ಬೇಡ ಕಣೇ. ರಸ್ತೇಲಿ ಓಡೋವಾಗ ಇಬ್ಬರೂ ಇರ್ತೀವಲ್ಲ, ಇಬ್ಬರನ್ನೂ ಸೇರಿಸೇ ತೂಗಬೇಕು."

ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡ: ತಾನು ಎಪ್ಪತ್ತು ಕಿಲೋ, ಅವಳು ಅರವತ್ತೆರಡು, ಎಲ್ಲ ಸೇರಿ ಸಾವಿರದ ನೂರ ಹತ್ತು. ಲಾರಿ ತೂಗುವ ಯಂತ್ರಕ್ಕೆ ಚಿಲ್ಲರೆ ಗೊತ್ತಿಲ್ಲ, ಹತ್ತು ಹತ್ತು ಕಿಲೋ ಲೆಕ್ಕದಲ್ಲೇ ತೋರಿಸುತ್ತದೆ. ಒಂಬತ್ತು ಕಿಲೋ ಇಳಿಸಿದರೂ ಕೆಲವೊಮ್ಮೆ ಅಂಕಿ ಅಲುಗದು, ಇನ್ನೊಂದು ಕಿಲೋ ಇಳಿದರೆ ದಡಕ್ಕನೆ ಹತ್ತು ಬೀಳುತ್ತದೆ. ಆ ಬೀಳುವಿಕೆಯ ರುಚಿ ಹತ್ತಿಬಿಟ್ಟಿತ್ತು ಅವನಿಗೆ. ಡಿಸೆಂಬರ್ ಹೊತ್ತಿಗೆ ಅಂಕಿ ಸಾವಿರದ ನಲವತ್ತಕ್ಕೆ ಬಂದು ನಿಂತಿತು. ಜನವರಿಯಲ್ಲೂ ಅಷ್ಟೇ. ನೆಲದ ಕಾರ್ಪೆಟ್ ಬಿಟ್ಟರೆ ಬಿಚ್ಚಲು ಇನ್ನೇನೂ ಉಳಿದಿರಲಿಲ್ಲ.

ಹಾಗೆಂದು ಅವನು ಸುಮ್ಮನೆ ಮೋಸ ಹೋಗುವ ಆಸಾಮಿಯಲ್ಲ. ಆ ಜನವರಿಯಲ್ಲೇ ತಾಮ್ರದ ತಂತಿ ತಂದ ಲಾರಿಯೊಂದು ಮಾಲು ಕಳಿಸಿದವರ ತೂಕದ ಚೀಟಿಗಿಂತ ಮೂವತ್ತು ಕಿಲೋ ಕಮ್ಮಿ ತೂಗಿತು. ಡ್ರೈವರ್ ದಾರಿಯಲ್ಲಿ ಡೀಸೆಲ್ ಸುಟ್ಟಿದೆ ಎಂದ, ಮಣ್ಣು ಉದುರಿದೆ ಎಂದ. ಮಿಲಿಲೀಟರ್ ಜಗ್ಗಲಿಲ್ಲ. "ತೂಕ ತಾನಾಗೇ ಇಳಿಯಲ್ಲ ಕಣಯ್ಯಾ. ಏನೋ ಹೋಗ್ತಿದ್ರೇನೇ ಇಳಿಯೋದು" ಎಂದು ಗೇಟು ಹಾಕಿಸಿ ಎರಡು ಗಂಟೆ ನಿಲ್ಲಿಸಿದ. ಕೊನೆಗೆ ಡ್ರೈವರ್ ದಾರಿಯಲ್ಲೊಂದು ಸುರುಳಿ ಮಾರಿದ್ದನ್ನು ಒಪ್ಪಿಕೊಂಡ. ಯಾರ್ಡಿನವರೆಲ್ಲ ಬೆನ್ನು ತಟ್ಟಿದರು.

ಫೆಬ್ರವರಿಯ ಮೊದಲ ಸೋಮವಾರ ಕೆಂಪು ಅಂಕಿ ಸಾವಿರದ ಮೂವತ್ತು ತೋರಿಸಿತು.

"ಬಿತ್ತು!" ಎಂದು ಸ್ಟೀರಿಂಗ್ ಮೇಲೆ ಗುದ್ದಿದ. ಕಳೆದ ವಾರ ನೆಲದ ಕಾರ್ಪೆಟ್ ಕಿತ್ತಿದ್ದ. ಅದು ನಾಲ್ಕು ಕಿಲೋ ಇದ್ದರೆ ಹೆಚ್ಚು. ಆದರೂ ಅಂಚಿನಲ್ಲಿದ್ದ ಅಂಕಿ ಅದರಿಂದಲೇ ಬಿದ್ದಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ತಾರೀಖು ಬರೆದು, ಪಕ್ಕದಲ್ಲಿ 'ಶಾಭಾಷ್' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ.

ಮನೆಯಲ್ಲಿ ಹೆಂಡತಿ ಅರ್ಧ ಊಟಕ್ಕೇ ತಟ್ಟೆ ಸರಿಸತೊಡಗಿದ್ದಳು. ಲಾಂಡ್ರಿಯ ಸೆಕೆಗೆ ಹಸಿವೇ ಆಗುವುದಿಲ್ಲ ಎನ್ನುವಳು. ಸಂಜೆ ಬಂದವಳೇ ಹಜಾರದ ಕಾರು ಸೀಟಿನ ಮೇಲೆ ಕಾಲು ಮಡಚಿ ಮಲಗುವಳು. ದಿನಾ ಎದುರಿಗಿರುವ ಮುಖವನ್ನು ಗಂಡಸರು ಎಲ್ಲಿ ನೋಡುತ್ತಾರೆ? ಅವನೋ, ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತುವುದು ಹೇಗೆಂದು ಅದೇ ಸೀಟಿನ ತುದಿಯಲ್ಲಿ ಕೂತು ವಿವರಿಸುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟುತ್ತಿದ್ದಳು.

ಜೂನಿನಲ್ಲಿ ಅಂಕಿ ಮತ್ತೆ ಬಿತ್ತು. ಸಾವಿರದ ಇಪ್ಪತ್ತು. ಈ ಸಲ ಅವನು ಒಂದು ನಟ್ಟನ್ನೂ ಬಿಚ್ಚಿರಲಿಲ್ಲ.

"ಏನೂ ತೆಗೆದೇ ಇಲ್ವಲ್ಲೇ! ಮಳೆನೀರು ಎಲ್ಲೋ ಒಳಗೆ ನಿಂತಿತ್ತು ಅಂತ ಕಾಣುತ್ತೆ, ಬೇಸಿಗೇಲಿ ಆರಿದೆ" ಎಂದ.

"ನಾನೇ ಇರಬೋದು. ಸ್ವಲ್ಪ ಇಳಿದಿದೀನಿ ಅನ್ಸುತ್ತೆ. ಯೂನಿಫಾರ್ಮ್ ಸೊಂಟಕ್ಕೆ ಪಿನ್ ಹಾಕ್ಕೊಂಡಿದೀನಿ ನೋಡಿ" ಎಂದು ಅವಳು ನಕ್ಕಳು. "ನಿಮ್ಮ ಕಾರಿಗೆ ನನ್ನ ಕಾಣಿಕೆ."

ಅವನೂ ನಕ್ಕ. ಲಾಂಡ್ರಿಯ ಗೇಟಿನಲ್ಲಿ ಅವಳು ಇಳಿದಾಗ ಖುಷಿ ತಡೆಯಲಾರದೆ ತಾನೂ ಇಳಿದು ಬಂದು, ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿದ. "ನೋಡು, ಈ ವಯಸ್ಸಲ್ಲೂ ತೋಳಲ್ಲಿ ಹೇಗಿದೆ ಶಕ್ತಿ!" ಎಂದ. ಗೇಟಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳೂ ನಕ್ಕಳು, ಆದರೆ ಕೆಳಗಿಳಿಸಿದ ಮೇಲೆ ಗೇಟಿನ ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು.

ವಾಪಸ್ಸು ಬಂದಾಗ ಮೀಸೆ ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟಿದ್ದ. "ಅತ್ತಿಗೆ ಬಹಳ ಸೊರಗಿದಾರಲ್ಲೋ. ಗ್ಲಾಸೊಳಗಿಂದ ನೋಡಿ ಬೇರೆ ಯಾರೋ ಅಂದ್ಕೊಂಡೆ" ಎಂದ.

"ಸೊರಗಿದ್ದಲ್ಲಪ್ಪ, ಸ್ಲಿಮ್ ಆಗಿದಾಳೆ. ನಿನ್ನ ಹೊಟ್ಟೆ ನೋಡ್ಕೋ ಮೊದಲು" ಎಂದು ಮಿಲಿಲೀಟರ್ ಬಾಯಿ ಮುಚ್ಚಿಸಿದ. ಲಾರಿಯ ಮೂವತ್ತು ಕಿಲೋಗೆ ಗೇಟು ಹಾಕಿಸಿದ ಮನುಷ್ಯನೇ ಇವನು ಎಂದರೆ ನಂಬುವುದು ಕಷ್ಟ. ಆ ತಿಂಗಳ ಪುಟದಲ್ಲೂ ಶಾಭಾಷ್ ಬಿತ್ತು.

ಸೆಪ್ಟೆಂಬರಿನ ಮೊದಲ ಸೋಮವಾರ ಕಾರು ಹಲಗೆ ಹತ್ತಿ ನಿಂತಿತು. ಸಾವಿರದ ಇಪ್ಪತ್ತು, ಬದಲಾವಣೆ ಇಲ್ಲ. ಅವನು ಪೆನ್ನು ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಹೆಂಡತಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು, "ಒಂದ್ ನಿಮಿಷ ರೀ, ವಾಂತಿ ಬರ್ತಿದೆ" ಎಂದು ಬಾಗಿಲು ತೆಗೆದು ಇಳಿದಳು. ಹಲಗೆ ದಾಟಿ ಗೋಡೆಯ ಕಡೆ ಓಡಿದಳು.

ಅವನ ಕಣ್ಣು ಅಭ್ಯಾಸಬಲದಿಂದ ಕಂಬದ ಮೇಲೆ ಹೋಯಿತು. ಒಂಬೈನೂರ ಎಂಬತ್ತು.

ಹತ್ತೊಂಬತ್ತು ವರ್ಷದ ಅಭ್ಯಾಸ, ಲೆಕ್ಕ ತಾನಾಗಿಯೇ ಆಗಿಹೋಯಿತು. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಇಳಿದದ್ದರ ತೂಕ. ನಲವತ್ತು. ಪುಸ್ತಕದ ಮೊದಲ ಪುಟದಲ್ಲಿ ಅವಳು ಅರವತ್ತೆರಡು. ಯಂತ್ರ ಕೆಟ್ಟಿದೆಯೇನೋ ಎಂದು ಕ್ಯಾಬಿನ್ನಿನ ಕಡೆ ನೋಡಿದ. ಮೀಸೆ ಯಂತ್ರದ ಕಡೆ ನೋಡುತ್ತಿರಲಿಲ್ಲ, ಗೋಡೆಗೆ ಹಣೆ ಆನಿಸಿ ನಿಂತಿದ್ದವಳನ್ನು ನೋಡುತ್ತಿದ್ದ. ಅವನೂ ಆ ಕಡೆ ತಿರುಗಿದ. ಬೆಳಗಿನ ಬಿಸಿಲಿನಲ್ಲಿ, ಸಡಿಲವಾದ ನೀಲಿ ಯೂನಿಫಾರ್ಮಿನೊಳಗೆ ಹೆಂಡತಿಯ ಬೆನ್ನಿನ ಮೂಳೆಗಳು ಒಂದೊಂದಾಗಿ ಕಂಡವು. ಎಂಟು ತಿಂಗಳಿಂದ ತಾನು ಕಾರನ್ನು ತೂಗಿರಲೇ ಇಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಅವಳನ್ನು ಲಾಂಡ್ರಿಗೆ ಬಿಡದೆ ಸೀದಾ ಆಸ್ಪತ್ರೆಗೆ ಓಡಿಸಿದ. ಕಾಲನ್ನು ಆಕ್ಸಿಲರೇಟರಿನ ಮೇಲೆ ಪೂರ್ತಿ ಊರಿ ಎಷ್ಟೋ ವರ್ಷವಾಗಿತ್ತು.

ಡಾಕ್ಟರಮ್ಮ ಅವಳ ಹೊಟ್ಟೆಯನ್ನು ಬಹಳ ಹೊತ್ತು ಒತ್ತಿ ನೋಡಿದರು. ಒಂದು ಕಡೆ ಎರಡು ಸಲ ಒತ್ತಿದರು. ಸ್ಕ್ಯಾನಿಗೆ ಬರೆದುಕೊಟ್ಟು, ರಕ್ತಕ್ಕೆ ಬರೆದುಕೊಟ್ಟು, "ತೂಕ ಯಾವಾಗಿಂದ ಇಳೀತಿದೆ?" ಎಂದು ಕೇಳಿದರು.

"ಮೂರು ತಿಂಗಳಿಂದ ಇರಬೇಕು ಡಾಕ್ಟ್ರೇ" ಎಂದಳು ಹೆಂಡತಿ. "ಮನೇಲಿ ತೂಕ ನೋಡೋ ಮಷಿನ್ ಇಲ್ಲ."

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಮೂರು ತಿಂಗಳು ಅಂದ್ರೆ ನಾನು ಯೋಚನೆ ಮಾಡೋದೇ ಬೇರೆ, ಅದಕ್ಕಿಂತ ಹಳೇದಾಗಿದ್ರೆ ಬೇರೆ."

"ನಂಗೇ ಸರಿಯಾಗಿ ಗೊತ್ತಾಗ್ಲಿಲ್ಲ ನೋಡಿ. ಇನ್ನು ಇವರಿಗೆ ಹೇಗೆ ಗೊತ್ತಾಗ್ಬೇಕು, ಪಾಪ."

ಆ 'ಪಾಪ' ಅವನನ್ನು ಕೊಂದುಹಾಕಿತು. ಬಾಯಿ ಮುಚ್ಚಿಕೊಂಡಿದ್ದರೆ ಅವನು ಪಾಪದವನಾಗಿಯೇ ಉಳಿಯುತ್ತಿದ್ದ, ಕೇಳುವವರು ಯಾರೂ ಇರಲಿಲ್ಲ. ಆದರೆ ಮೂರು ತಿಂಗಳು ಎಂದು ಆ ಕಾಗದದ ಮೇಲೆ ಬಿದ್ದರೆ ಅವಳಿಗೆ ಕೊಡುವ ಔಷಧಿ ತಪ್ಪೀತು. ನೋಟ್ ಪುಸ್ತಕದ ಪುಟಗಳನ್ನು ಒಂದೊಂದಾಗಿ ನೆನಪಿಸಿಕೊಂಡ.

"ಜನವರಿ ಕೊನೆಯಿಂದ" ಎಂದ. "ಫೆಬ್ರವರಿ ಮೊದಲ ಸೋಮವಾರಕ್ಕೇ ಇಳಿಯೋಕೆ ಶುರುವಾಗಿತ್ತು. ಜೂನ್ ಮೊದಲ ಸೋಮವಾರದ ಹೊತ್ತಿಗೆ ಹತ್ತು ಕಿಲೋಗಿಂತ ಜಾಸ್ತಿ ಹೋಗಿತ್ತು. ಇವತ್ತಿಗೆ ಇಪ್ಪತ್ತು."

ಡಾಕ್ಟರಮ್ಮನ ಪೆನ್ನು ನಿಂತಿತು. "ಫೆಬ್ರವರೀಲೇ ಕರ್ಕೊಂಡು ಬಂದಿದ್ರೆ..." ಎಂದು ಏನೋ ಹೇಳಹೊರಟವರು ಅವಳ ಮುಖ ನೋಡಿ ಮತ್ತೆ ಬರೆಯತೊಡಗಿದರು.

ಹೆಂಡತಿ ಕುರ್ಚಿಯಲ್ಲೇ ನಿಧಾನವಾಗಿ ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಇಷ್ಟು ವರ್ಷ ಜೊತೆಗಿದ್ದ ಮನುಷ್ಯನಲ್ಲಿ ಈಗಷ್ಟೇ ಏನನ್ನೋ ಕಂಡವಳ ಹಾಗಿದ್ದಳು.

"ನಾನು ಇಳಿಯೋದನ್ನ ತಾರೀಖು ಹಾಕಿ ಬರೆದಿಟ್ಕೊಂಡಿದ್ರಾ?" ಎಂದು ಕೇಳಿದಳು.

"ಹೂಂ" ಎಂದ.