ಕೊನೆಯ ಮೆಟ್ಟಿಲಲ್ಲಿ ತೊಳೆದ ಕಾಲು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೂಡ್ಲಿಗಿ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕ. ನಾರುಹುಣ್ಣಿನ ಅಧ್ಯಯನಕ್ಕೆ ಬಂದ ವಿಜ್ಞಾನಿಯೊಬ್ಬರ ಮಾತನ್ನು ಜನಕ್ಕೆ ತಿಳಿಯುವಂತೆ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಕಾನಹೊಸಹಳ್ಳಿಯ ಆಚೆ ಒಂದೂರಿನ ಮೆಟ್ಟಿಲುಬಾವಿಯ ದಂಡೆಯ ಮೇಲೆ ಅವರು ಸೂಕ್ಷ್ಮದರ್ಶಕ ಇಟ್ಟು, ಬಾವಿಯ ನೀರಿನ ಹನಿಯೊಂದನ್ನು ತೋರಿಸಿದರು. ಆ ಬಾವಿಗೆ ಚಪ್ಪಲಿ ಬಿಟ್ಟು ಇಳಿಯಬೇಕು. ಕೊನೆಯ ಮೆಟ್ಟಿಲಲ್ಲಿ ನೀರಿಗೆ ಕಾಲದ್ದಿ ತೊಳೆದುಕೊಂಡೇ ಕೊಡ ಮುಳುಗಿಸಬೇಕು. ಮಡಿಯೆಂದರೆ ಅಷ್ಟು ಮಡಿ.

ಒಬ್ಬ ಮುದುಕ ಕಣ್ಣಿಟ್ಟು ನೋಡಿ ಹಿಂದೆ ಸರಿದ. “ಹುಳ ನಿಮ್ಮ ಡಬ್ಬ್ಯಾಗ ಅದಾವ್ರಿ ಸಾಹೇಬ್ರ. ನಮ್ಮ ಬಾವ್ಯಾಗ ಒಂದೂ ಕಂಡಿಲ್ಲ.”

“ಅದ್ರಾಗ ನೋಡಿದ್ರ ನಿನ್ನ ಮೀಸ್ಯಾಗೂ ಕಾಣ್ತಾವ ತಗೋ,” ಎಂದ ಪಕ್ಕದವನು. ಎಲ್ಲರೂ ನಕ್ಕರು.

ನಗದವಳು ಒಬ್ಬಳೇ. ಅವಳ ಪಾದದ ಹುಣ್ಣಿನಿಂದ ಹೊರಬಂದ ಹುಳವನ್ನು, ತುಂಡಾಗದಂತೆ ದಿನಕ್ಕಿಷ್ಟೇ ಎಳೆಯಲೆಂದು, ಕಡ್ಡಿಗೆ ಸುತ್ತಿ ಕಟ್ಟಿತ್ತು. ಪಕ್ಕದಲ್ಲಿ ಹತ್ತು ವರ್ಷದ ಮಗಳು. “ನನಗಂತೂ ಆತು. ಇಕಿಗೆ ಬರದಂಗ ಏನ್ ಮಾಡ್ಲಿ, ಹೇಳ್ರಿ,” ಎಂದಳು.

ವಿಜ್ಞಾನಿ ಇಂಗ್ಲಿಷಿನಲ್ಲಿ ನಿಧಾನವಾಗಿ ನನಗೆ ವಿವರಿಸಿದರು: ಹುಣ್ಣಿನ ಕಾಲು ನೀರಿಗೆ ತಾಕಿದರೆ ಹುಳ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ರೋಗ, ಬಾವಿಯಲ್ಲಿ ಕಾಲಿಡಬಾರದು, ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಜೀಪು ಕಾಯುತ್ತಿತ್ತು. ನಾನು ಅದನ್ನೆಲ್ಲ ಒಂದು ಮಾತಿಗೆ ಇಳಿಸಿದೆ: “ಇದು ಕಾಲಿನಿಂದ ನೀರಿಗೆ ಬರತೈತಿ ಅಕ್ಕಾ. ಕಾಲು ಚೊಕ್ಕ ಇರ್ಲಿ.”

ಸೋಸುವುದನ್ನೂ ಹೇಳಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ನಾನು ಬಟ್ಟೆ ಹಿಡಿದು ತೋರಿಸುತ್ತಿರುವ ಚಿತ್ರವೂ ಕಣ್ಣಿಗೆ ಬರುತ್ತದೆ. ಆ ಚಿತ್ರ ಬೇರೆ ಊರಿನದು.

ಮರುವರ್ಷ ವಿಜ್ಞಾನಿಯ ಜೊತೆ ಮತ್ತೆ ಹೋದಾಗ ಅವಳ ಮಗಳು ಮನೆಯ ಕಟ್ಟೆಯ ಮೇಲೆ ಮಲಗಿದ್ದಳು. ಮೊಣಕಾಲಿನ ಹತ್ತಿರ ಬಂದ ಹುಳವನ್ನು ಯಾರೋ ಜಗ್ಗಿದ್ದಾರೆ, ಅದು ಒಳಗೇ ತುಂಡಾಗಿದೆ. ಕಾಲು ಬಾತು ಮಡಚಿಕೊಂಡಿತ್ತು, ಚಾಚಲು ಬರುತ್ತಿರಲಿಲ್ಲ.

“ನೀವ್ ಹೇಳಿದಂಗ ಮಾಡೀನ್ರಿ,” ಎಂದಳು ತಾಯಿ. “ಮೊದ್ಲು ಬರೇ ಅದ್ದಿ ತೆಗಿತಿದ್ವಿ. ಆಮ್ಯಾಗ ದಿನಾ ಬಾವ್ಯಾಗ ನಿಂತು, ಹುಣ್ಣೂ ಬಿಡದಂಗ, ತಿಕ್ಕಿ ತಿಕ್ಕಿ ತೊಳದೀನಿ. ಆಮ್ಯಾಗ ಕೊಡ ತುಂಬೀನಿ.”

ಮುಂದೆ ಈ ಕಥೆ ಹೇಳುವಾಗಲೆಲ್ಲ, ಹುಳ ಡಬ್ಬಿಯಲ್ಲಿದೆ ಎಂದು ನಗಾಡಿದ್ದ ಆ ಮುದುಕನಿಗೆ ಏನೂ ಆಗಿರಲಿಲ್ಲ ಎಂದು ಸೇರಿಸುತ್ತಿದ್ದೆ, ಕೇಳುವವರಿಗೆ ಹಿಡಿಸುತ್ತಿತ್ತು. ಸುಳ್ಳು. ಅವನೂ ಕುಂಟುತ್ತಿದ್ದ.

ಆಗ ಎಲ್ಲವನ್ನೂ ಬಿಡಿಸಿ ಹೇಳಿದೆ: ಕಾಲಿಡಬೇಡ, ಸೋಸು. ಅವಳು ಪೂರ್ತಿ ಕೇಳಿಸಿಕೊಂಡಳು.

“ಇದನ್ನ ಹ್ವಾದ ವರ್ಷ ಯಾಕ ಹೇಳ್ಲಿಲ್ರಿ?”

ವಿಜ್ಞಾನಿ ನನ್ನ ಪಕ್ಕದಲ್ಲೇ ನಿಂತಿದ್ದರು.

“ಹೇಳಿದ್ನಲ್ಲ ಅಕ್ಕಾ,” ಎಂದೆ.

ಅವಳು ಮಗಳ ಕಾಲನ್ನು ನೋಡಿದಳು. “ಹಂಗಾರ ನಾನಾ ಸರಿಯಾಗಿ ಕೇಳಿಲ್ಲೇನೋ,” ಎಂದಳು.