ತಪ್ಪುತ್ತರಕ್ಕೆ ಅಭಿನಂದನೆ

ಮೊನ್ನೆ ಮುಂಬಯಿಯ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಗುಲಾಬಿ ರೂಮ್ ಫ್ರೆಶ್ನರ್ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕಾಲೇಜಿನ ಕಂಪ್ಯೂಟರ್ ರೂಮಿನದೂ ಇದೇ ವಾಸನೆ. ಕಿಟಕಿ ಮುಚ್ಚಿದ ಎಸಿ ರೂಮು, ಹೊರಗೆ ಶೂ ಬಿಟ್ಟು ಬಂದವರ ಒದ್ದೆ ಸಾಕ್ಸಿನ ನಾತ, ಅದರ ಮೇಲೆ ನಮ್ಮ ವಿಭಾಗದ ಹೆಡ್ ಸಾಹೇಬರು ಸಿಂಪಡಿಸುತ್ತಿದ್ದ ಗುಲಾಬಿ…

ಎಂಬತ್ತರ ದಶಕದ ಕೊನೆ ಅದು. ನಮಗೆ ಮಾಲಿಕ್ಯುಲರ್ ಬಯಾಲಜಿ ಕಲಿಸುತ್ತಿದ್ದ ಮೇಡಂ ಮೈಸೂರಿನವರು. ವಡಾಲದಲ್ಲಿ ಕೋಣೆ ಹಿಡಿದು ಒಬ್ಬರೇ ಇದ್ದರು. ವಿಭಾಗಕ್ಕಿದ್ದ ಒಂದೇ ಕಂಪ್ಯೂಟರಿನ ಮುಂದೆ ರಜೆಯೆಲ್ಲ ಕೂತು ಅವರೊಂದು ಪ್ರೋಗ್ರಾಮ್ ಬರೆದಿದ್ದರು. ಅದು ಪಾಠ ಒಪ್ಪಿಸುತ್ತಿರಲಿಲ್ಲ. ಸಮಸ್ಯೆ ಕೊಟ್ಟು, ನಮ್ಮ ಉತ್ತರ ನೋಡಿ, ತಿರುಗಿ ಪ್ರಶ್ನೆ ಕೇಳುತ್ತಿತ್ತು.

ಬಳೆಯಂತೆ ದುಂಡಗಿರುವ ಡಿಎನ್‌ಎಯನ್ನು ಕಿಣ್ವವೊಂದು ಒಂದೇ ಕಡೆ ಕತ್ತರಿಸಿದರೆ ಎಷ್ಟು ತುಂಡು? ನಾನು ಎರಡು ಎಂದು ಒತ್ತಿದೆ. ಅದು ತಪ್ಪು ಎನ್ನಲಿಲ್ಲ. ‘ಎರಡನೆಯ ಸಲ ಎಲ್ಲಿ ಕತ್ತರಿಸಿದಿರಿ?’ ಎಂಬ ಸಾಲು ಪರದೆಯ ಮೇಲೆ ಮೂಡಿತು. ನಾನು ತಕ್ಷಣ ಇನ್ನೊಂದು ಅಂಕಿ ಒತ್ತಲು ಹೋದೆ.

“ಅವಸರ ಬೇಡ ಕಣಮ್ಮ, ಯೋಚ್ನೆ ಮಾಡು. ಅದೇನು ಓಡಿಹೋಗಲ್ಲ,” ಎಂದು ಮೇಡಂ ಹಿಂದಿನಿಂದ ನಕ್ಕರು. ಕೈಬಳೆ ನೋಡಿಕೊಂಡೆ. ಒಂದೇ ತುಂಡು! ಯಾರೂ ಹೇಳಿಕೊಡದೆ ನಾನೇ ಕಂಡುಕೊಂಡ ಮೊದಲ ಉತ್ತರ ಅದು.

ಪ್ರೋಗ್ರಾಮಿನ ಉದ್ಘಾಟನೆಗೆ ದೊಡ್ಡ ಅತಿಥಿಯೊಬ್ಬರು ಬಂದರು. ಪರದೆಯ ಮೇಲೆ ಮೇಡಂ ಹೆಸರಿರಲಿಲ್ಲ, ಹೆಡ್ ಸಾಹೇಬರ ಹೆಸರಿತ್ತು. ಅತಿಥಿಗೂ ಅದೇ ಬಳೆಯ ಪ್ರಶ್ನೆ ಬಂತು. ಅವರೂ ಎರಡು ಎಂದೇ ಒತ್ತಿದರು. ‘ಸರಿಯುತ್ತರ! ಅಭಿನಂದನೆಗಳು!’ ಎಂದಿತು ಪರದೆ. ಜೋರು ಚಪ್ಪಾಳೆ.

“ಸರ್, ಅದು ತಪ್ಪು,” ಎಂದರು ಮೇಡಂ.

ಹೆಡ್ ಸಾಹೇಬರು ಹಲ್ಲು ಕಿಸಿದರು. “ಅರೇ ಮೇಡಂ, ಸಾಹೇಬ್ ಖುಷ್ ಹೈ ನಾ? ಬಸ್!” ಅತಿಥಿ ಖುಷಿಯಾಗಿದ್ದರೆ ಸಾಕಂತೆ.

ಮೇಡಂ ಮುಂದೆ ಹೋಗಿ ನೂರು ಎಂದು ಒತ್ತಿದರು. ಮತ್ತೆ ಅಭಿನಂದನೆ. ಅತಿಥಿಗೆ ಮುಜುಗರವಾಗಬಾರದೆಂದು, ಏನು ಒತ್ತಿದರೂ ಸರಿ ಎನ್ನುವಂತೆ ಹೆಡ್ ಸಾಹೇಬರು ಕಂಪ್ಯೂಟರ್ ಆಪರೇಟರ್ ಕೈಯಲ್ಲಿ ಬದಲಾಯಿಸಿಟ್ಟಿದ್ದರು. ಅಲ್ಲಿದ್ದ ಪ್ರೊಫೆಸರುಗಳಿಗೆಲ್ಲ ಅದು ಅರ್ಥವಾಯಿತು. ಸಮೋಸದ ಕಡೆ ನಡೆದರು. ಚಟ್ನಿ ಮೆತ್ತಿದ ಆ ತುಟಿಗಳು, ಆ ಬೆರಳು ನೆಕ್ಕುವ ಸದ್ದು… ನೆನೆದರೆ ಈಗಲೂ ಓಕರಿಕೆ ಬರುತ್ತದೆ. ಅವರನ್ನೇ ನಾವು ಗುರುಗಳೆಂದು ನಮಸ್ಕರಿಸುತ್ತಿದ್ದುದು.

ಮೇಡಂ ತಮ್ಮ ಮೂಲ ಪ್ರೋಗ್ರಾಮ್ ವಾಪಸು ಕೇಳಿದರು. ಅಳಿಸಿಹೋಗಿದೆ ಎಂಬ ಉತ್ತರ ಬಂತು. ಪರೀಕ್ಷೆ ಮುಗಿದ ಮೇಲೆ ಅವರು ಕೆಲಸ ಬಿಟ್ಟು ಮೈಸೂರಿಗೆ ಹೋದರು. ಆ ಪ್ರೋಗ್ರಾಮಿಗಾಗಿ ಹೆಡ್ ಸಾಹೇಬರಿಗೆ ಶಾಲು ಹೊದಿಸಿ ಸನ್ಮಾನವಾಯಿತು.

ಕಳೆದ ವರ್ಷ ಮಾಟುಂಗಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮೇಡಂ ಅವರ ತಂಗಿ ಸಿಕ್ಕರು. ಅಕ್ಕ ತೀರಿಹೋದಳು ಎಂದರು. ಆ ಪ್ರೋಗ್ರಾಮಿನ ಮಾತೆತ್ತಿದೆ. ಅವರು ನನ್ನ ಮುಖವನ್ನೇ ನೋಡಿದರು.

“ನಮ್ಮಕ್ಕ ಕಂಪ್ಯೂಟರ್ರಾ? ಬೇರೆ ಯಾರೋ ಇರ್ಬೇಕಮ್ಮ. ಮೈಸೂರಿಗೆ ಬಂದ್ಮೇಲೆ ಅವ್ಳು ಅದನ್ನ ಮುಟ್ಟಿದ್ದೂ ನಾವು ನೋಡಿಲ್ಲ.”

ವಿವರಿಸಲು ಹೋದೆ. ಅಷ್ಟರಲ್ಲಿ ಅವರ ಲೋಕಲ್ ರೈಲು ಬಂತು…